ಜಂಗಲಿ ಮಹಾರಾಜ್ ರಸ್ತೆಯಲ್ಲಿ ಗುಂಡಿ ಯಾಕೆ ಬೀಳಲಿಲ್ಲ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೇನೆ. ಈ ಸಲದ ಇತಿಹಾಸ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಆ ಕ್ಯಾಬ್ ಕೆಳಗಿರುವ ಡಾಂಬರಿನದು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನನ್ನ ಎಂಟೆಕ್ ಕಂಪ್ಯೂಟರ್ ಸೈನ್ಸ್‌ನದು. ಸಿವಿಲ್ ಓದಿದವರು ತಪ್ಪು ಕಂಡರೆ ಧಾರಾಳವಾಗಿ ತಿದ್ದಿ.

ಈ ವಿಷಯಕ್ಕೆ ನಾನು ಬಂದಿದ್ದು ಪುಸ್ತಕದಿಂದಲ್ಲ, ಬಿದ್ದು ಬಂದಿದ್ದು. 2019ರ ಜುಲೈನಲ್ಲಿ, ಪುಣೆಯಲ್ಲಿ, ಆಫೀಸ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಸ್ಕೂಟರ್‌ನಲ್ಲಿ ಬರ್ತಾ ಇದ್ದೆ. ಮಳೆ ನಿಂತಿತ್ತು. ರಸ್ತೆ ಮೇಲೆ ಒಂದು ಸಣ್ಣ ನೀರಿನ ಮಡು, ಬೀದಿದೀಪದ ಬೆಳಕಲ್ಲಿ ಕನ್ನಡಿ ಹಾಗೆ ಹೊಳೀತಿತ್ತು. ಅದರ ಆಳ ಒಂದು ಗೇಣು ಅಂತ ಗೊತ್ತಾಗಿದ್ದು ಮುಂದಿನ ಚಕ್ರ ಒಳಗೆ ಹೋದ ಮೇಲೆ. ಕಾಲರ್ ಬೋನ್ ಮುರೀತು. ಹಿಂದೆ ಬರ್ತಿದ್ದ ಟೆಂಪೋದವನು ಬ್ರೇಕ್ ಹಾಕಿದ್ದರಿಂದ ಇಷ್ಟು ಬರೆಯೋಕೆ ಉಳಿದಿದ್ದೇನೆ. ಆರು ವಾರ ಕೈ ಜೋಳಿಗೆಯಲ್ಲಿ.

ನೋಡೋಕೆ ಅಂತ ಗದಗ ಕಡೆಯಿಂದ ಕಾಕಾ ಬಂದರು. ಕಾಕಾ ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ಇದ್ದು ನಿವೃತ್ತರಾದವರು. ಗುದ್ದಲಿ, ಸಲಿಕೆ, ಬುಟ್ಟಿ, ಹೆಗಲ ಮೇಲೊಂದು ಟವೆಲ್. ನನಗೆ ಚಿಕ್ಕಂದಿನಲ್ಲಿ ಅವರ ಕೆಲಸ ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ, ಕೇಳಿದವರಿಗೆ 'ಪಿಡಬ್ಲ್ಯೂಡಿ'ಯಲ್ಲಿದ್ದಾರೆ ಅಂತಷ್ಟೇ ಹೇಳ್ತಿದ್ದೆ. ಬಂದ ಮರುದಿನವೇ ಅವರು, "ಎಲ್ಲಿ ಬಿದ್ದಿ, ತೋರಸು" ಅಂದರು. ಹೋದೆವು. ಅಷ್ಟರಲ್ಲಿ ಗುಂಡಿ ಮುಚ್ಚಿದ್ದರು. ನನಗೆ ಖುಷಿಯಾಯ್ತು. ಕಾಕಾ ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿಂದ ತೇಪೆಯ ಅಂಚು ಒತ್ತಿದರು. ಜಲ್ಲಿ ಪುಡಿಪುಡಿಯಾಗಿ ಬಂತು.

"ಇದು ನಿಂದ್ರಂಗಿಲ್ಲ ತಮ್ಮಾ. ಅಂಚ ಕಡದಿಲ್ಲ, ಒಳಗಿನ ಹಸಿ ತಗದಿಲ್ಲ. ಹೊಂಡಕ್ಕ ಮಣ್ಣ ಮುಚ್ಚಿದಂಗ ಮುಚ್ಯಾರ."

ಎಂಟು ದಿನಕ್ಕೆ ಅದು ಕಿತ್ತು ಬಂತು. ಆದರೆ ಕಾಕಾ ಅವತ್ತು ಹೆಚ್ಚು ಹೊತ್ತು ನೋಡಿದ್ದು ಗುಂಡಿಯನ್ನಲ್ಲ. ಎದ್ದು ರಸ್ತೆಯ ಪಕ್ಕಕ್ಕೆ ಹೋಗಿ ಚರಂಡಿ ನೋಡ್ತಾ ನಿಂತರು. ಅದು ಮಣ್ಣು, ಪ್ಲಾಸ್ಟಿಕ್ ತುಂಬಿ ರಸ್ತೆಗಿಂತ ಎತ್ತರವಾಗಿತ್ತು.

ಊರಿಗೆ ಹೊರಡೋ ಮುಂಚೆ ಕಾಕಾಗೆ ಏನಾದ್ರೂ ತೋರಿಸಬೇಕಲ್ಲ ಅಂತ ಪಾತಾಳೇಶ್ವರ ಗುಹೆಗೆ ಕರೆದುಕೊಂಡು ಹೋದೆ. ಪುಣೆಯಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ಬನ್ನಿ. ಊರ ನಡುವೆ ಬಂಡೆ ಕೊರೆದು ಮಾಡಿದ ಶಿವಾಲಯ, 8ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಮಾನ್ಯಖೇಟದ ಹೆಸರು ಕೇಳಿ ಬೆಳೆದ ನಮಗೆ ಅಲ್ಲಿ ನಿಂತರೆ ಏನೋ ಒಂದು ಹಕ್ಕು ಅನ್ನಿಸುತ್ತೆ. ಕಾಕಾ ಕೈಮುಗಿದು ಹೊರಗೆ ಬಂದವರು ಮುಂದಿನ ರಸ್ತೆ ನೋಡ್ತಾ, "ಈ ರೋಡ ಯಾವಾಗ ಹಾಕಿದ್ದು?" ಅಂದರು. ಅದು ಜಂಗಲಿ ಮಹಾರಾಜ್ ರಸ್ತೆ. ಪುಣೆಯವರ ಬಾಯಲ್ಲಿ ಜೆಎಂ ರೋಡ್. ನಾನು ಫೋನ್ ತೆಗೆದು ಹುಡುಕಿದೆ. ಆ ಕಥೆ ಆಮೇಲೆ ನನ್ನನ್ನು ಬಿಡಲೇ ಇಲ್ಲ.

ಪುಣೆಯ ಪತ್ರಿಕೆಗಳು ಮಳೆಗಾಲ ಬಂದಾಗಲೆಲ್ಲ ಮತ್ತೆ ಮತ್ತೆ ಬರೆದಿರುವ ಕಥೆ ಇದು. 1972ರಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರ. ಮರುವರ್ಷ ಜೋರು ಮಳೆ. ಪುಣೆಯ ರಸ್ತೆಗಳೆಲ್ಲ ಕಿತ್ತುಹೋದವು. ಆಗ ನಗರಸಭೆಯ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಶ್ರೀಕಾಂತ್ ಶಿರೋಳೆ ಅನ್ನೋ ತರುಣ. ಅವರ ಪ್ರಶ್ನೆ ಸರಳ: ಮುಂಬೈಯಲ್ಲಿ ನಮಗಿಂತ ಎಷ್ಟೋ ಹೆಚ್ಚು ಮಳೆ ಬೀಳುತ್ತೆ, ಅಲ್ಲಿನ ಕೆಲವು ರಸ್ತೆ ಯಾಕೆ ಹಾಳಾಗಿಲ್ಲ? ವಿಚಾರಿಸಿದಾಗ ಸಿಕ್ಕಿದ್ದು ಇಬ್ಬರು ಪಾರ್ಸಿ ಸಹೋದರರ ರೆಕಾಂಡೊ ಅನ್ನೋ ಕಂಪನಿ. ಬಿಸಿ ಮಿಶ್ರಣದ ಡಾಂಬರು ಹಾಕೋದರಲ್ಲಿ ಹೆಸರು ಮಾಡಿದವರು. ಟೆಂಡರ್ ಇಲ್ಲದೆ ಅವರಿಗೆ ಜೆಎಂ ರೋಡ್ ಕೊಟ್ಟರು, ಸುಮಾರು 15 ಲಕ್ಷ ರೂಪಾಯಿಗೆ. ಷರತ್ತು ಒಂದೇ: 10 ವರ್ಷದ ಗ್ಯಾರಂಟಿ. ಅಷ್ಟರಲ್ಲಿ ಗುಂಡಿ ಬಿದ್ದರೆ ಕಂಪನಿಯೇ ತನ್ನ ಖರ್ಚಲ್ಲಿ ಸರಿಮಾಡಬೇಕು. 1976ರ ಜನವರಿ 1ಕ್ಕೆ ರಸ್ತೆ ತಯಾರಾಯ್ತು. ಹತ್ತು ವರ್ಷ ಕಳೀತು, ಅದರ ಮೇಲೆ ಇನ್ನೂ ದಶಕಗಳು ಕಳೆದವು. ಗುಂಡಿ ಇಲ್ಲದ ರಸ್ತೆ ಅಂದರೆ ಪುಣೆಯವರು ಬೆರಳು ತೋರಿಸೋದು ಇದನ್ನೇ.

ಇನ್ನು ಕಥೆಯ ಕೊನೆ ಕೇಳಿ. ಅಷ್ಟು ಚೆನ್ನಾಗಿ ಮಾಡಿದವರಿಗೆ ಆ ಊರಲ್ಲಿ ಇನ್ನೊಂದು ರಸ್ತೆಯ ಕೆಲಸ ಸಿಗಲಿಲ್ಲ.

ವಾಟ್ಸಾಪ್‌ನಲ್ಲಿ ಈ ಕಥೆ ಇಲ್ಲಿಗೆ ಮುಗಿಯುತ್ತೆ, ಎಲ್ಲರೂ ಒಂದು ಸಿಟ್ಟಿನ ಮುಖ ಹಾಕಿ ಮುಂದೆ ಹೋಗ್ತಾರೆ. ನನಗೆ ಮಾತ್ರ ಒಂದು ಅನುಮಾನ ಉಳೀತು. ಗ್ಯಾರಂಟಿ ಪತ್ರ ನೋಡಿ ಡಾಂಬರು ಗಟ್ಟಿಯಾಗೋದಿಲ್ಲವಲ್ಲ? ರಸ್ತೆ ಹಾಳಾಗದೆ ಇರೋದು ಅಂದರೆ ಏನು, ಯಾವುದು ಅದನ್ನ ಹಾಳುಮಾಡುತ್ತೆ? ಅದಕ್ಕೆ ಇನ್ನೂರು ವರ್ಷ ಹಿಂದೆ ಹೋಗಬೇಕಾಯ್ತು.

1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಸುಂಕದ ರಸ್ತೆಗಳ ಉಸ್ತುವಾರಿ ಜಾನ್ ಲೌಡನ್ ಮೆಕಾಡಮ್ ಅನ್ನೋ ಸ್ಕಾಟಿಷ್ ಮನುಷ್ಯನ ಕೈಗೆ ಬಂತು. ಅದುವರೆಗೆ ಒಳ್ಳೆ ರಸ್ತೆ ಅಂದರೆ ತಳದಲ್ಲಿ ದೊಡ್ಡ ಬಂಡೆಗಳ ಬುನಾದಿ. ಮೆಕಾಡಮ್ ಹೇಳಿದ್ದು ತಿರುಗಾಮುರುಗಾ. ಭಾರ ಹೊರೋದು ಕಲ್ಲಲ್ಲ, ಕೆಳಗಿನ ಮಣ್ಣು. ಮಣ್ಣು ಒಣಗಿದ್ದರೆ ಎಂಥ ಭಾರವನ್ನೂ ಹೊರುತ್ತೆ, ಒದ್ದೆಯಾದರೆ ಯಾವ ಬಂಡೆ ಹಾಕಿದರೂ ಹೊರೋದಿಲ್ಲ. ಆದ್ದರಿಂದ ರಸ್ತೆಯ ಕೆಲಸ ಮಣ್ಣಿನ ಮೇಲೆ ಒಂದು ಚಾವಣಿ ಕಟ್ಟೋದು. ಒಡೆದ ಸಣ್ಣ ಜಲ್ಲಿ, ಒಂದೊಂದೂ 6 ಔನ್ಸ್, ಅಂದರೆ 170 ಗ್ರಾಂ ಮೀರಬಾರದು. ಮೂಲೆಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂರಬೇಕು. ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರ ಇರಬೇಕು, ನಡುವೆ ಉಬ್ಬಿರಬೇಕು, ಪಕ್ಕದಲ್ಲಿ ಕಾಲುವೆ ಇರಬೇಕು. ಡಾಂಬರಿನ ಸುದ್ದಿಯೇ ಇಲ್ಲಿಲ್ಲ, ಗಮನಿಸಿ. ಎತ್ತಿನ ಗಾಡಿ, ಕುದುರೆ ಗಾಡಿಯ ಕಬ್ಬಿಣದ ಪಟ್ಟಿಯೇ ಜಲ್ಲಿಯನ್ನ ಅರೆದು, ಪುಡಿ ಸಂದಿಗೆ ಇಳಿದು, ರಸ್ತೆ ಬಿಗಿಯಾಗ್ತಿತ್ತು.

ಅದನ್ನ ಹಾಳುಮಾಡಿದ್ದು ಮೋಟಾರು ಕಾರು. ಗಾಳಿ ತುಂಬಿದ ರಬ್ಬರ್ ಚಕ್ರ ವೇಗವಾಗಿ ಓಡುವಾಗ ಸಂದಿಯ ಪುಡಿಯನ್ನ ಹೀರಿ ಮೇಲೆತ್ತುತ್ತೆ. ಧೂಳೆದ್ದು ಹೋದ ಮೇಲೆ ಜಲ್ಲಿ ಸಡಿಲ. ಯುರೋಪಿನ ಎಂಜಿನಿಯರುಗಳು ಇದೇ ತಲೆನೋವಿಗೆ 1908ರಲ್ಲಿ ಪ್ಯಾರಿಸ್‌ನಲ್ಲಿ ರಸ್ತೆಗಳ ಅಂತಾರಾಷ್ಟ್ರೀಯ ಸಮ್ಮೇಳನವನ್ನೇ ಮಾಡಿದರು. ಪರಿಹಾರ ಒಂದು ಅಷ್ಟರಲ್ಲಿ ಆಕಸ್ಮಿಕವಾಗಿ ಸಿಕ್ಕಿತ್ತು. 1901ರಲ್ಲಿ ಎಡ್ಗರ್ ಹೂಲಿ ಅನ್ನೋ ಎಂಜಿನಿಯರ್ ಡರ್ಬಿಶೈರ್‌ನ ಒಂದು ಕಬ್ಬಿಣದ ಕಾರ್ಖಾನೆ ಹತ್ತಿರ ಹೋಗ್ತಿದ್ದಾಗ, ಗಾಡಿಯಿಂದ ಟಾರಿನ ಪೀಪಾಯಿ ಬಿದ್ದು ಒಡೆದಿತ್ತು. ಅಂಟು ಅಂತ ಯಾರೋ ಅದರ ಮೇಲೆ ಕುಲುಮೆಯ ಕಿಟ್ಟ ಸುರಿದಿದ್ದರು. ಆ ಜಾಗ ಮಾತ್ರ ಧೂಳಿಲ್ಲದೆ ಗಟ್ಟಿಯಾಗಿತ್ತು. ಮರುವರ್ಷ ಪೇಟೆಂಟ್ ತಗೊಂಡ, ಟಾರ್‌ಮ್ಯಾಕ್ ಹುಟ್ಟಿತು. ಆ ಟಾರು ಕಲ್ಲಿದ್ದಲಿನದು. ನಾವು ಈಗ ಊರಲ್ಲಿ 'ಟಾರ್ ರೋಡು' ಅನ್ನೋದರಲ್ಲಿ ಇರೋದು ಪೆಟ್ರೋಲಿಯಂ ಸೋಸಿ ಕೊನೆಗೆ ಉಳಿಯೋ ಬಿಟುಮೆನ್. ಹೆಸರು ಮಾತ್ರ ಹಳೆಯದು.

ಇಂಡಿಯಾಕ್ಕೆ ಬರೋಣ. ಮೊದಲ ಮಹಾಯುದ್ಧದ ನಂತರ ಇಲ್ಲಿಯೂ ಮೋಟಾರು ಹೆಚ್ಚಿತು, ಜಲ್ಲಿ ರಸ್ತೆಗಳು ಧೂಳಾದವು, ಸರಿಮಾಡೋಕೆ ಜಿಲ್ಲಾ ಬೋರ್ಡುಗಳಲ್ಲಿ ದುಡ್ಡಿಲ್ಲ. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಪುಣೆ ವಿಶ್ವವಿದ್ಯಾಲಯದ ಜಯಕರ್ ಲೈಬ್ರರಿ ನೋಡಿದವರಿಗೆ ಹೆಸರು ಗೊತ್ತಿರುತ್ತೆ, ಮುಂದೆ ಅಲ್ಲಿನ ಮೊದಲ ಕುಲಪತಿಯಾದವರು ಇವರೇ. ಆ ಸಮಿತಿಯ ಶಿಫಾರಸಿನಂತೆ 1929ರಿಂದ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚು ತೆರಿಗೆ ಹಾಕಿ ರಸ್ತೆ ನಿಧಿ ಮಾಡಿದರು. ಪೆಟ್ರೋಲ್ ಬಂಕಿನಲ್ಲಿ ನಾವು ಈಗಲೂ ಕೊಡೋ ರಸ್ತೆ ಸೆಸ್ಸಿನ ಮುತ್ತಾತ ಅದು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಶುರುವಾಯ್ತು. ಇವತ್ತು ಗುಂಡಿ ಮುಚ್ಚೋದು ಹೇಗೆ ಅಂತ ಅಂಕಿ ಸಮೇತ ಬರೆದಿಟ್ಟಿರೋದು ಈ ಸಂಸ್ಥೆಯೇ. ಬಿಟುಮೆನ್ ರಸ್ತೆಗಳ ನಿರ್ವಹಣೆಗೇ ಒಂದು ಸಂಹಿತೆ 1982ರಿಂದ ಇದೆ. ನಮ್ಮಲ್ಲಿ ತಿಳುವಳಿಕೆಗೆ ಬರ ಇಲ್ಲ ಅಂತ ಹೇಳೋಕೆ ಇದನ್ನ ಹೇಳಿದೆ.

ಸರಿ, ಗುಂಡಿ ಹುಟ್ಟೋದು ಹೇಗೆ? ಬಿಟುಮೆನ್ ಅಂಟು ಪದಾರ್ಥ, ಜಲ್ಲಿಗಳನ್ನ ಹಿಡಿದಿಡುತ್ತೆ. ಬಿಸಿಲು ಮತ್ತು ಗಾಳಿಯ ಆಮ್ಲಜನಕ ತಗುಲಿ ವರ್ಷ ಕಳೆದಂತೆ ಅದು ಗಡುಸಾಗುತ್ತೆ, ಬಾಗೋ ಗುಣ ಕಳೆದುಕೊಳ್ಳುತ್ತೆ. ಆಗ ಕೂದಲೆಳೆಯಷ್ಟು ಬಿರುಕು. ಈ ಹಂತದಲ್ಲಿ ರಸ್ತೆ ನೋಡೋಕೆ ಚೆನ್ನಾಗೇ ಇರುತ್ತೆ, ಯಾರೂ ದೂರು ಕೊಡೋದಿಲ್ಲ. ಮಳೆ ಬಂದಾಗ ನೀರು ಒಳಗೆ ಇಳಿಯುತ್ತೆ. ಮೇಲೆ ಬಸ್ಸಿನ ಚಕ್ರ ಹೋದಾಗ ಆ ನೀರಿಗೆ ಒತ್ತಡ ಬಿದ್ದು ಪಿಚಕಾರಿ ಹಾಗೆ ಸಂದಿಸಂದಿಗೆ ನುಗ್ಗುತ್ತೆ, ಜಲ್ಲಿಯಿಂದ ಬಿಟುಮೆನ್ನನ್ನ ಸುಲಿದು ಹಾಕುತ್ತೆ. ಕೆಳಗಿನ ಮಣ್ಣು ರಾಡಿಯಾಗುತ್ತೆ. ಬಿರುಕುಗಳು ಸೇರಿ ಮೊಸಳೆ ಚರ್ಮದ ಹಾಗೆ ಕಾಣುತ್ತೆ. ಒಂದು ದಿನ ಅದರಲ್ಲೊಂದು ಚೂರು ಎದ್ದು ಬರುತ್ತೆ. ನಾವು ಗುಂಡಿ ಅನ್ನೋದು ಈ ಕೊನೆಯ ದಿನವನ್ನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲಾಗ್‌ನಲ್ಲಿ ಎರಡು ವರ್ಷದಿಂದ ವಾರ್ನಿಂಗ್ ಬರ್ತಾ ಇರುತ್ತೆ, ಪೇಜ್ ಆಗೋದು ಮಾತ್ರ ಸರ್ವರ್ ಬಿದ್ದಾಗ.

ಬಿರುಕಿನ ಹಂತದಲ್ಲೇ ಬಿಸಿ ಬಿಟುಮೆನ್ ಸುರಿದು ಮುಚ್ಚೋದು, ಕೆಲವು ವರ್ಷಕ್ಕೊಮ್ಮೆ ತೆಳುವಾಗಿ ಬಿಟುಮೆನ್ ದ್ರಾವಣ, ನುಣ್ಣನೆ ಕಲ್ಲುಪುಡಿ ಸೇರಿಸಿ ಒಂದು ಪದರ ಬಳಿಯೋದು, ಇವೇ ತಡೆಯೋ ಉಪಾಯ. ಹಾಕುವಾಗಲೇ ಸರಿಯಾಗಿ ಹಾಕಿದರೆ ಇನ್ನೂ ಒಳ್ಳೇದು. ಬಿಸಿ ಮಿಶ್ರಣ ಪ್ಲಾಂಟ್ ಬಿಡುವಾಗ ಸುಮಾರು 150 ಡಿಗ್ರಿ ಇರುತ್ತೆ, ಅದು 100 ಡಿಗ್ರಿಯ ಹತ್ತಿರಕ್ಕೆ ಇಳಿಯೋದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಮಿಶ್ರಣ ಆರಿದರೆ ಎಷ್ಟು ಉರುಳಿಸಿದರೂ ಒಳಗೆ ಗಾಳಿಯ ಸಂದಿ ಉಳಿಯುತ್ತೆ. ಆ ಸಂದಿ 8 ಪರ್ಸೆಂಟ್ ದಾಟಿದರೆ ನೀರಿಗೆ ದಾರಿ ಸಿಕ್ಕಿತು ಅಂತಲೇ ಲೆಕ್ಕ. ಇನ್ನು ರಸ್ತೆಯ ಉಬ್ಬು: ಜೋರು ಮಳೆ ಬೀಳೋ ಕಡೆ 2.5 ಪರ್ಸೆಂಟ್ ಇಳಿಜಾರು. 7 ಮೀಟರ್ ಅಗಲದ ರಸ್ತೆಯಲ್ಲಿ ನಡುವಿಗೂ ಅಂಚಿಗೂ ಸುಮಾರು 9 ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ಹಳೇ ಡಾಂಬರಿನ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಹಾಕ್ತಾ ಹೋದರೆ ಮೊದಲು ಕಳೆದುಹೋಗೋದು ಈ 9 ಸೆಂಟಿಮೀಟರ್.

ಸುಲಿಯೋದನ್ನ ತಡೆಯೋಕೆ ನಮ್ಮ ಕಡೆಯವರೇ ಮಾಡಿದ ಒಂದು ಕೆಲಸ ಹೇಳದೆ ಇರೋಕಾಗಲ್ಲ. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ಕಾದ ಜಲ್ಲಿಯ ಮೇಲೆ ಚೂರು ಮಾಡಿದ ಪ್ಲಾಸ್ಟಿಕ್ ಹಾಕಿ, ಅದು ಕರಗಿ ಜಲ್ಲಿಗೆ ಪೊರೆಯಾದ ಮೇಲೆ ಬಿಟುಮೆನ್ ಬೆರೆಸಿದರು. ನೀರು ಆ ಪೊರೆ ದಾಟೋದು ಕಷ್ಟ. 2018ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನಲ್ಲೂ ಅಹ್ಮದ್ ಖಾನ್ ಅವರ ಕೆ.ಕೆ. ಪ್ಲಾಸ್ಟಿಕ್ ಸಂಸ್ಥೆ ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಪ್ಲಾಸ್ಟಿಕ್ ಬೆರೆಸಿದ ರಸ್ತೆ ಹಾಕೋಕೆ ಶುರುಮಾಡಿತ್ತು. ಒಳ್ಳೆ ಉಪಾಯ. ಆದರೆ ಚರಂಡಿ ಕಟ್ಟಿದ ರಸ್ತೆಯನ್ನ ಪ್ಲಾಸ್ಟಿಕ್ ಕೂಡ ಉಳಿಸೋದಿಲ್ಲ. ಕಟ್ಟಿರೋದು ಬಹಳ ಸಲ ಪ್ಲಾಸ್ಟಿಕ್ಕೇ, ಅದು ಬೇರೆ ಮಾತು.

ಈಗ ಜೆಎಂ ರೋಡಿನ ದಂತಕಥೆಯನ್ನ ಸ್ವಲ್ಪ ಅನುಮಾನದಿಂದ ನೋಡೋಣ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನ ಒಟ್ಟಾವಾ ಹತ್ತಿರ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಸೈನ್ಯದ ಚಾಲಕರಿಂದ ಎರಡು ವರ್ಷ ಲಾರಿಗಳನ್ನ ಸುತ್ತು ಹೊಡೆಸಿದರು. 11 ಲಕ್ಷ ಸಲ ಆಕ್ಸೆಲ್ ಹಾದುಹೋಯ್ತು. ಹೊರಬಂದ ನಿಯಮ: ರಸ್ತೆಗೆ ಆಗೋ ಹಾನಿ ಆಕ್ಸೆಲ್ ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು. ಭಾರ ಎರಡರಷ್ಟಾದರೆ ಹಾನಿ 16ರಷ್ಟು. ಸಣ್ಣ ಕಾರಿನ ಒಂದು ಆಕ್ಸೆಲ್ ಮೇಲೆ ಅರ್ಧ ಟನ್, ತುಂಬಿದ ಲಾರಿಯ ಆಕ್ಸೆಲ್ ಮೇಲೆ 10 ಟನ್ ಅಂದುಕೊಳ್ಳಿ. 20 ಪಟ್ಟು ಭಾರ, ಹಾನಿ 1,60,000 ಪಟ್ಟು. ನಮ್ಮಲ್ಲಿ 2018ರಲ್ಲಿ ಒಂಟಿ ಆಕ್ಸೆಲ್ಲಿನ ಕಾನೂನಿನ ಮಿತಿಯನ್ನ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಪೇಪರಲ್ಲಿ ನೋಡಿದರೆ ಸ್ವಲ್ಪವೇ. ನಾಲ್ಕನೇ ಘಾತ ಹಾಕಿ ನೋಡಿ, ಪ್ರತಿ ಆಕ್ಸೆಲ್ಲಿಗೆ ಹಾನಿ 60 ಪರ್ಸೆಂಟ್ ಹೆಚ್ಚು.

ಜೆಎಂ ರೋಡಲ್ಲಿ ಬಸ್ ಓಡುತ್ತೆ, ಕಾರು ಸ್ಕೂಟರ್ ಲೆಕ್ಕವಿಲ್ಲ, ಆದರೆ ಮರಳು ತುಂಬಿದ ಲಾರಿಗಳ ದಾರಿ ಅದಲ್ಲ. ಅಂದರೆ ರೆಕಾಂಡೊದವರ ಕೈಚಳಕದ ಜೊತೆ ಹಣೆಬರಹವೂ ಸ್ವಲ್ಪ ಚೆನ್ನಾಗಿತ್ತು. ಅದೇ ಡಾಂಬರನ್ನ ಚಾಕಣ್ ಕಡೆಯ ಕಾರ್ಖಾನೆ ರಸ್ತೆಗೆ ಹಾಕಿದ್ದರೆ ನಲವತ್ತು ವರ್ಷದ ಕಥೆ ಹುಟ್ಟುತ್ತಿತ್ತೋ ಇಲ್ಲವೋ, ನನಗೆ ಅನುಮಾನ. ಆದರೂ ಪುಣೆಯಲ್ಲಿ ಲಾರಿ ಹೋಗದ ಬೇರೆ ರಸ್ತೆಗಳೂ ಇದ್ದವಲ್ಲ, ಅವು ಮಳೆಗೆ ಕಿತ್ತುಹೋದವು. ಹತ್ತು ವರ್ಷ ತನ್ನದೇ ದುಡ್ಡಲ್ಲಿ ತೇಪೆ ಹಾಕಬೇಕು ಅಂತ ಗೊತ್ತಿರೋ ಕಂಪನಿ ಮಿಶ್ರಣ ಆರೋ ಮೊದಲೇ ರೋಲರ್ ಓಡಿಸುತ್ತೆ, 9 ಸೆಂಟಿಮೀಟರ್ ಉಬ್ಬನ್ನ ಅಳೆದು ನೋಡುತ್ತೆ. ಗ್ಯಾರಂಟಿ ಕೆಲಸ ಮಾಡೋದು ಹಾಗೆ ಅಂತ ನನ್ನ ತಿಳುವಳಿಕೆ.

ತೇಪೆಯ ಬಗ್ಗೆ ಕಾಕಾ ಹೇಳಿದ್ದೇ ಪುಸ್ತಕದಲ್ಲೂ ಇದೆ. ಗುಂಡಿಯನ್ನ ಗಟ್ಟಿ ಡಾಂಬರು ಸಿಗೋವರೆಗೆ ಚೌಕಾಕಾರ ಕಡಿಯಬೇಕು, ಗೋಡೆ ನೆಟ್ಟಗಿರಬೇಕು, ನೀರು ಮಣ್ಣು ತೆಗೆಯಬೇಕು, ಒಳಗೆಲ್ಲ ತೆಳುವಾಗಿ ಬಿಟುಮೆನ್ ಬಳಿಯಬೇಕು, ಮಿಶ್ರಣವನ್ನ ಪದರಪದರವಾಗಿ ಹಾಕಿ ದಮ್ಮಸು ಹೊಡೆಯಬೇಕು. ಇದೊಂದೇ ಸರಿ, ಸುರಿದು ಹೋಗೋದೆಲ್ಲ ಮೋಸ ಅಂತ ನಾನು ನಂಬಿದ್ದೆ. ಆದರೆ 1991ರಿಂದ ಅಮೆರಿಕದಲ್ಲಿ ಮತ್ತು ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ತೇಪೆ ಹಾಕಿ ಕಾದು ನೋಡಿದ ಒಂದು ದೊಡ್ಡ ಪರೀಕ್ಷೆಯಲ್ಲಿ ಬೇರೆಯದೇ ಕಂಡಿತು. ಒಳ್ಳೆ ಗುಣಮಟ್ಟದ ತಣ್ಣನೆ ಮಿಶ್ರಣ ಬಳಸಿದರೆ, ಸುಮ್ಮನೆ ಸುರಿದು ಲಾರಿ ಚಕ್ರದಿಂದ ತುಳಿಸಿದ ತೇಪೆಯೂ ಚೌಕ ಕಡಿದು ಹಾಕಿದ್ದಕ್ಕೆ ಸಮವಾಗಿ ನಿಂತಿತು. ಅಗ್ಗದ ಮಿಶ್ರಣ ಮಾತ್ರ ಹೇಗೆ ಹಾಕಿದರೂ ಬೇಗ ಹೋಯ್ತು. ಫೋನಲ್ಲಿ ಕಾಕಾಗೆ ಇದನ್ನ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ತುಳಿಸ್ಯಾರಲ್ಲ, ಅದನ್ನ ಹೇಳು. ನಿಮ್ಮಲ್ಲಿ ಸುರುವ್ಯಾರ ಅಷ್ಟ" ಅಂದರು.

ಅವರ ಗ್ಯಾಂಗಿನ ಕೆಲಸ ಏನಿತ್ತು ಅಂತ ನಾನು ಮೊದಲ ಸಲ ಕೇಳಿದ್ದು ಆಗಲೇ. ಒಂದು ಗುಂಪಿಗೆ ಇಷ್ಟು ಮೈಲಿ ಅಂತ ಹಂಚಿಕೆ. ಮೇ ತಿಂಗಳಲ್ಲಿ ಗಟಾರ ತೆಗೆಯೋದು, ಮೋರಿಯ ಬಾಯಿ ಬಿಡಿಸೋದು. ರಸ್ತೆಯಂಚಿನ ಮಣ್ಣು ಡಾಂಬರಿಗಿಂತ ಎತ್ತರವಾಗಿದ್ದರೆ ಕೆತ್ತೋದು, ಇಲ್ಲದಿದ್ದರೆ ನೀರು ರಸ್ತೆ ಬಿಟ್ಟು ಇಳಿಯೋದೇ ಇಲ್ಲ. ಬಿರುಕು ಕಂಡಲ್ಲಿ ಡಬ್ಬಿಯಲ್ಲಿ ಡಾಂಬರು ಕಾಯಿಸಿ ಹೊಯ್ದು ಮೇಲೆ ಮರಳು ಉದುರಿಸೋದು. "ಮಳಿ ಬರೂ ಮೊದಲ ಗಟಾರ ತಗದಿದ್ರ ಅರ್ಧ ರೋಡ ಉಳೀತು ಅಂತ ತಿಳಕೋ." ಮೆಕಾಡಮ್ ಹೆಸರನ್ನ ಅವರು ಕೇಳಿಲ್ಲ. ಅವರ ಗ್ಯಾಂಗಿನವರು ಒಬ್ಬೊಬ್ಬರೇ ನಿವೃತ್ತರಾದರು, ಆ ಜಾಗಕ್ಕೆ ಹೊಸಬರು ಬರಲಿಲ್ಲ. ಈಗ ಗುಂಡಿ ಬಿದ್ದ ಮೇಲೆ ಗುತ್ತಿಗೆದಾರರ ಟೆಂಪೋ ಬರುತ್ತಂತೆ.

ಕೋರ್ಟು ಹೇಳಿದ್ದೂ ಇದೆ. 2015ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ಸರಿಯಾದ ರಸ್ತೆ ಅನ್ನೋದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಅದೇ ಓಕಾ 2019ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. ಬೆಂಗಳೂರಿನ ಗುಂಡಿಗಳ ಕೇಸಿನಲ್ಲಿ, ಕೆಟ್ಟ ರಸ್ತೆಯಿಂದ ಪೆಟ್ಟಾದವರು ಪರಿಹಾರ ಕೇಳಬಹುದು ಅಂತ ಅವರ ಪೀಠ ಆದೇಶ ಮಾಡಿದ್ದು, ನಾನು ಬಿದ್ದ ಅದೇ ಜುಲೈ ತಿಂಗಳ ಕೊನೆಯಲ್ಲಿ. ನಾನು ಪರಿಹಾರ ಕೇಳಲಿಲ್ಲ. ಆಸ್ಪತ್ರೆ ಬಿಲ್ಲು ಇನ್ಶೂರೆನ್ಸಿನಲ್ಲಿ ಹೋಯ್ತು, ಕೋರ್ಟಿಗೆ ಓಡಾಡೋಕೆ ರಜೆ ಎಲ್ಲಿದೆ ಅಂದುಕೊಂಡೆ. ನಮ್ಮಂಥವರು ಹೀಗೆ ಅಂದುಕೊಳ್ಳೋದೂ ಈ ಇತಿಹಾಸದ ಒಂದು ಭಾಗವೇ ಇರಬೇಕು. ಮನೆಯಿಂದ ಕೆಲಸ ಅಂತ ಆ ವರ್ಷಗಳಲ್ಲಿ ನಾವೇ ಕೇಳಿ ಹಾಕಿಸಿಕೊಂಡ ಫೈಬರ್ ಕೇಬಲ್ಲಿಗಾಗಿ ಅಗೆದ ರಸ್ತೆಗಳ ಲೆಕ್ಕವೂ ಹಾಗೇ.

ಕಾಕಾ ಈಗಲೂ ಪ್ರತಿ ವರ್ಷ ಜೂನ್ ಮೊದಲ ವಾರ ಫೋನ್ ಮಾಡ್ತಾರೆ. ಆರಾಮ ಇದ್ದಿಯೇನು ಅಂತ ಕೇಳಿದ ಕೂಡಲೇ, "ಗಟಾರ ತಗದಾರೇನು?" ಈ ಸಲ ಹೋಗಿ ನೋಡಿ ಬಂದೆ. ಬಲಗಡೆಯದು ತೆಗೆದಿದ್ದಾರೆ. ಎಡಗಡೆ, ನಾನು ಬಿದ್ದ ಕಡೆ, ಹೋದ ವರ್ಷ ಕೇಬಲ್ ಹಾಕಿದಾಗಿನ ಮಣ್ಣು ಚರಂಡಿಯಲ್ಲಿ ಹಾಗೇ ಇದೆ, ಹುಲ್ಲು ಬೆಳೆದಿದೆ. ಡಾಂಬರಿನ ಮೇಲೆ ಕೂದಲೆಳೆಯ ಬಿರುಕು ಮೂರು ನಾಲ್ಕು ಕಂಡವು. ಗುಂಡಿ ಇನ್ನೂ ಬಿದ್ದಿಲ್ಲ. ಫೋಟೋ ತೆಗೆದು ದೂರಿನ ಆ್ಯಪ್‌ಗೆ ಹಾಕಿದೆ. ಅದರಲ್ಲಿ 'ಗುಂಡಿ' ಅಂತ ಒಂದು ಆಯ್ಕೆ ಇದೆ, 'ಬಿರುಕು' ಅಂತ ಇಲ್ಲ. 'ಇತರೆ' ಅಂತ ಒತ್ತಿದೆ, ಟಿಕೆಟ್ ನಂಬರ್ ಬಂದಿದೆ.